ಪಾಪ್‌ಕಾರ್ನ್ ಸೀಲಿಂಗ್: ಕೆರೆದು ತೆಗೆಯೋದಾ, ಮೇಲೆ ಬೋರ್ಡ್ ಹೊಡೆದು ಮುಚ್ಚೋದಾ?

ಹಳೇಮನೆ_ಸ್ಯಾನ್‌ಹೊಸೆ:
ಎಲ್ಲರಿಗೂ ನಮಸ್ಕಾರ. ಮನೆ 1974ರದ್ದು, ಸ್ಯಾನ್ ಹೊಸೆಯಲ್ಲಿ. ಮೂರು ಬೆಡ್‌ರೂಮು ಮತ್ತು ಹಾಲ್, ಎಲ್ಲ ಕಡೆ ಕಾಳುಕಾಳಾಗಿ ಸ್ಪ್ರೇ ಮಾಡಿದ ಪಾಪ್‌ಕಾರ್ನ್ ಸೀಲಿಂಗ್. ಒಟ್ಟು ಸುಮಾರು 850 ಚದರ ಅಡಿ. ಒಂದು ರೂಮಿಗೆ ಹಿಂದಿನವರು ಪೇಂಟ್ ಹೊಡೆದಿದ್ದಾರೆ, ಉಳಿದ ಕಡೆ ಕೈ ಸೋಕಿದ್ರೆ ಉದುರುತ್ತೆ. ಹೊಸ ನೆಲ ಹಾಕಿಸೋಕೆ ಮುಂಚೆ ಸೀಲಿಂಗ್ ನುಣ್ಣಗೆ ಮಾಡಿಸ್ಬೇಕು. ಕೆರೆದು ತೆಗೆಯೋದು ಒಳ್ಳೇದಾ, ಮೇಲೆ ಡ್ರೈವಾಲ್ (ಜಿಪ್ಸಮ್ ಬೋರ್ಡ್) ಹೊಡೆಯೋದು ಒಳ್ಳೇದಾ? ಇದ್ರಲ್ಲಿ ಯಾವ್ಯಾವ ಕೆಲಸ ನಾವೇ ಮಾಡ್ಕೋಬಹುದು?

ಗಾರೆ_ಗೋಡೆ:
ನೆಲಕ್ಕಿಂತ ಮೊದಲು ಸೀಲಿಂಗ್ ಹಿಡಿದಿದ್ದೀರಿ, ಕ್ರಮ ಸರಿಯಾಗಿದೆ. ಆದರೆ ಕೆರೆಯೋದೋ ಮುಚ್ಚೋದೋ ಅನ್ನೋ ಪ್ರಶ್ನೆಗೆ ಮುಂಚೆ ಆಸ್ಬೆಸ್ಟಾಸ್ ಪರೀಕ್ಷೆ ಆಗಬೇಕು. 1974ರ ಮನೆ ಅಂದಮೇಲೆ ಇದನ್ನು ಬಿಡೋ ಹಾಗೇ ಇಲ್ಲ.

ಅಮೆರಿಕದಲ್ಲಿ ಅಲಂಕಾರಕ್ಕೆ ಸ್ಪ್ರೇ ಮಾಡುವ ಆಸ್ಬೆಸ್ಟಾಸ್ ಟೆಕ್ಸ್ಚರ್ ನಿಷೇಧ ಆಗಿದ್ದು 1978ರಲ್ಲಿ. ಅಂಗಡಿ, ಗೋದಾಮುಗಳಲ್ಲಿ ಉಳಿದ ಸರಕು ಅದಾದಮೇಲೂ ಬಳಕೆಯಾಯಿತು. ಹಾಗಾಗಿ 80ರ ದಶಕದ ಮಧ್ಯದವರೆಗಿನ ಮನೆಗಳನ್ನೂ ಅನುಮಾನದಿಂದಲೇ ನೋಡಬೇಕು. ಕಣ್ಣಳತೆಯಲ್ಲಿ ಹೇಳೋಕೆ ಬರಲ್ಲ. ಬೆಳ್ಳಗೆ ಹಗುರವಾಗಿ ಥರ್ಮಾಕೋಲ್ ಕಾಳಿನಂತೆ ಕಂಡ ಮಾತ್ರಕ್ಕೆ ಸುರಕ್ಷಿತ ಅಂತ ತೀರ್ಮಾನಿಸಬೇಡಿ.

ಮಾದರಿ ತೆಗೆಯೋ ರೀತಿ: ಎಸಿ, ಹೀಟರ್, ಫ್ಯಾನ್ ಬಂದ್ ಮಾಡಿ. ಕೆಳಗೆ ಪ್ಲಾಸ್ಟಿಕ್ ಹಾಸಿ. ಪಿ100 ಫಿಲ್ಟರ್ ಇರೋ ಅರ್ಧಮುಖದ ರೆಸ್ಪಿರೇಟರ್ ಹಾಕ್ಕೊಳ್ಳಿ. ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯೋ ಸೋಪು ಹಾಕಿ, ಅಂಗೈಯಗಲ ಜಾಗಕ್ಕೆ ಸ್ಪ್ರೇ ಮಾಡಿ ಕೆಲವು ನಿಮಿಷ ಬಿಡಿ. ಡ್ರೈವಾಲ್ ಕಾಗದ ಕಾಣೋವರೆಗೆ ಒಂದು ಟೀ ಚಮಚದಷ್ಟು ಕೆರೆದು ಜಿಪ್ ಚೀಲಕ್ಕೆ ಹಾಕಿ, ಅದನ್ನು ಇನ್ನೊಂದು ಚೀಲದೊಳಗಿಡಿ. ಮೇಲೆ ರೂಮಿನ ಹೆಸರು ಬರೀರಿ. ಪ್ರತಿ ಮಾದರಿಗೂ ಚಾಕು ಒದ್ದೆ ಟಿಶ್ಯೂನಲ್ಲಿ ಒರೆಸಿ, ಆ ಟಿಶ್ಯೂ ಕೂಡ ಚೀಲಕ್ಕೆ ಹೋಗಲಿ. ಕೆರೆದ ಜಾಗಕ್ಕೆ ಸ್ವಲ್ಪ ಪೇಂಟ್ ಮುಟ್ಟಿಸಿ ಮುಚ್ಚಿ.

ಒಂದೇ ಸಲ ಸ್ಪ್ರೇ ಆದ 1,000 ಚದರ ಅಡಿ ಒಳಗಿನ ಮೇಲ್ಮೈಗೆ ಕನಿಷ್ಠ ಮೂರು ಮಾದರಿ ಅನ್ನೋದು ಶಾಲಾ ಕಟ್ಟಡಗಳ ತಪಾಸಣೆಯಿಂದ ಬಂದ ಅಳತೆ. ಮನೆಯಲ್ಲಿ ಹಾಲ್ ಒಂದು ಸಲ, ರೂಮುಗಳು ಇನ್ನೊಂದು ಸಲ ಆಗಿರಬಹುದು. ಅದಕ್ಕೇ ಹಾಲ್‌ನಿಂದ ಮೂರು, ಪ್ರತಿ ರೂಮಿನಿಂದ ಒಂದಾದರೂ ಕಳಿಸಿ. ಎಲ್ಲ ಬೆರೆಸಿ ಒಂದೇ ಚೀಲ ಮಾಡಬೇಡಿ. ಎನ್‌ವಿಎಲ್‌ಎಪಿ ಮಾನ್ಯತೆ ಇರೋ ಲ್ಯಾಬ್‌ಗೇ ಕಳಿಸಿ, ಪಿಎಲ್‌ಎಂ (ಸೂಕ್ಷ್ಮದರ್ಶಕದ) ಪರೀಕ್ಷೆ ಅಂತ ಕೇಳಿ.

ಮಂಡ್ಯದ_ಹುಡುಗ:
ಒಂದು ಅನುಮಾನ. ನಮ್ಮೂರ ಕಡೆ ಆಸ್ಬೆಸ್ಟಾಸ್ ಶೀಟಿನ ಕೆಳಗೇ ಜನ ಜೀವಮಾನ ಕಳೀತಾರೆ. ಶೀಟು ಕೊಯ್ಯೋದು, ತೂತು ಹಾಕೋದು ಎಲ್ಲ ಬರಿಗೈಲಿ. ಇಲ್ಲಿ ಚಮಚದಷ್ಟು ಪುಡಿಗೆ ಇಷ್ಟು ಭಯ ಬೇಕಾ?

ಗಾರೆ_ಗೋಡೆ:
ಬೇಕು, ಕಾರಣ ಹೇಳ್ತೀನಿ. ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಗಟ್ಟಿಯಾಗಿ ಕೂತಿರುತ್ತೆ. ಕೊಯ್ದಾಗ, ಒಡೆದಾಗ, ಹಳೇದಾಗಿ ಮೇಲ್ಮೈ ಸವೆದಾಗ ಹೊರಗೆ ಬರುತ್ತೆ. ಪಾಪ್‌ಕಾರ್ನ್ ಹಾಗಲ್ಲ, ಬೆರಳಲ್ಲಿ ಒತ್ತಿದ್ರೇ ಪುಡಿಯಾಗುತ್ತೆ. ಒಣಗಿದ್ದಾಗ ಕೆರೆದ್ರೆ ನಾರು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತೆ, ಮಾಮೂಲಿ ವ್ಯಾಕ್ಯೂಮ್ ಹಾಕಿದ್ರೆ ಫಿಲ್ಟರ್ ದಾಟಿ ಇಡೀ ಮನೆಗೆ ಹರಡುತ್ತೆ. ಇದರಿಂದ ಬರೋ ಮೆಸೊಥೀಲಿಯೋಮಾ ಅನ್ನೋ ಕ್ಯಾನ್ಸರ್ ಕಾಣಿಸ್ಕೊಳ್ಳೋದು ಹತ್ತಾರು ವರ್ಷ ಕಳೆದ ಮೇಲೆ. ಊರಲ್ಲಿ ಶೀಟನ್ನು ಬರಿಗೈಲಿ ಕೊಯ್ಯೋದೂ ನಿಲ್ಲಬೇಕು, ಅವರ ಶ್ವಾಸಕೋಶವೂ ಇದೇ ಥರದ್ದು.

ಧಾರವಾಡ_ಡ್ರೈವಾಲ್:
ಪರೀಕ್ಷಾ ವರದಿ ಬರೂತನಕ ಕೈ ಹಚ್ಚಬ್ಯಾಡ್ರಿ. ಅದರಾಗ ಏನೂ ಇಲ್ಲಂತ ಬಂದ್ರ ಮುಂದಿನ ಕೆಲಸ ಹೀಂಗ ಮಾಡ್ರಿ.

ಮೊದಲ ನೀರಿನ ಪರೀಕ್ಷೆ. ಒಂದು ಮೂಲ್ಯಾಗ ನೀರು ಸ್ಪ್ರೇ ಮಾಡಿ ಹತ್ತು ನಿಮಿಷ ಬಿಡ್ರಿ. ನೀರು ಹೀರಿಕೊಂಡು ಬಣ್ಣ ಕಪ್ಪಾಗಿ ಮೆತ್ತಗಾತು ಅಂದ್ರ ಅದಕ್ಕ ಪೇಂಟ್ ಬಿದ್ದಿಲ್ಲ, ಸಲೀಸ ಬರ್ತೈತಿ. ನೀರು ಹನಿಹನಿಯಾಗಿ ಕೆಳಗ ಬಿತ್ತಂದ್ರ ಪೇಂಟ್ ಐತಿ, ಅದರ ದಾರಿನ ಬ್ಯಾರೆ.

ತಯಾರಿ ಕೆಲಸ ಕೆರಿಯೂದಕ್ಕಿಂತ ಭಾಳ. ಸಾಮಾನೆಲ್ಲಾ ಹೊರಗ ತಗೀರಿ. ನೆಲಕ್ಕ 6 ಮಿಲ್ (ಸುಮಾರು 0.15 ಮಿಮೀ) ದಪ್ಪದ ಪ್ಲಾಸ್ಟಿಕ್ ಹಾಸಿ, ಗ್ವಾಡಿ ಮ್ಯಾಲ ಒಂದಡಿ ಏರಿಸಿ ಟೇಪ್ ಹಚ್ರಿ. ಗ್ವಾಡಿಗೆ ತೆಳು ಪ್ಲಾಸ್ಟಿಕ್ ಇಳಿಬಿಟ್ರ ಸಾಕು. ಬ್ರೇಕರ್ ಬಂದ್ ಮಾಡಿ ಲೈಟು, ಫ್ಯಾನು, ಹೊಗೆ ಅಲಾರಂ ಇಳಸ್ರಿ, ವೈರಿನ ತುದಿಗೆ ಕ್ಯಾಪ್ ಹಾಕಿ ಬಾಕ್ಸಿಗೆ ಟೇಪ್ ಹಚ್ರಿ. ಎಸಿ ಬಂದ್ ಮಾಡಿ ಗಾಳಿ ಬರೂ ಜಾಳಿಗಿ ಮುಚ್ರಿ. ಕರೆಂಟ್ ಇದ್ದ ಬಾಕ್ಸಿಗೆ ಸೋಪು ನೀರು ಹೊಡೀಬಾರದು, ಇದು ಮರೀಬ್ಯಾಡ್ರಿ.

ಹತ್ಯಾರ: ಎರಡು ಗ್ಯಾಲನ್ ಪಂಪ್ ಸ್ಪ್ರೇಯರ್, 10 ಅಥವಾ 12 ಇಂಚಿನ ಡ್ರೈವಾಲ್ ಚಾಕು. ಚಾಕುವಿನ ಎರಡೂ ಮೂಲಿ ಅರದಿಂದ ತಿಕ್ಕಿ ಗುಂಡಗ ಮಾಡ್ರಿ. ಚೂಪು ಮೂಲಿ ಒದ್ದಿ ಕಾಗದದಾಗ ಸಿಕ್ಕರ ಹರದು ಬರ್ತೈತಿ, ಆಮ್ಯಾಲ ಅದನ್ನ ಸರಿಮಾಡೂದಕ್ಕ ಕೆರದದ್ದಕ್ಕಿಂತ ಹೆಚ್ಚು ಹೊತ್ತು ಹಿಡೀತೈತಿ.

ಬಿಸಿನೀರು, ಸೋಪು. ಒಂದು ಸಲಕ್ಕ ನಾಕು ಅಡಿ ಆರು ಅಡಿ ಜಾಗ ಅಷ್ಟ. ಹಗೂರಕ ಸ್ಪ್ರೇ ಮಾಡಿ ಹತ್ತು-ಹದಿನೈದು ನಿಮಿಷ ಬಿಟ್ಟು, ಮತ್ತೊಮ್ಮಿ ಹೊಡದು, ಚಾಕು ಓರೆ ಹಿಡದು ಸಾವಕಾಶ ನೂಕ್ರಿ. ದೊಡ್ಡ ದೊಡ್ಡ ಪದರಾಗಿ ಬರಬೇಕು. ಪುಡಿಯಾಗಿ ಉದುರಾಕತ್ತಿದ್ರ ನೀರು ಕಡಿಮಿ ಆಗೇತಿ. ನೀರು ಭಾಳಾದ್ರ ಕಾಗದ ಉಬ್ಬತೈತಿ, ಬೋರ್ಡಿನ ಸಂದಿಗೆ ಹಚ್ಚಿದ ಜಾಯಿಂಟ್ ಟೇಪ್ ಬಿಟ್ಟು ಇಳೀತೈತಿ, ಬೋರ್ಡ್ ಜೋತು ಬೀಳಬಹುದು. ಟೇಪ್ ಇದ್ದ ಗೆರಿ ಉದ್ದಕ್ಕೂ ಚಾಕು ಹಾಯಿಸ್ರಿ, ಅಡ್ಡ ಹಾಯಿಸಬ್ಯಾಡ್ರಿ.

ಕೆಳಗ ಬಿದ್ದದ್ದು ಒದ್ದಿ ಇದ್ದಾಗನ ಬಾಚಿ ಚೀಲಕ್ಕ ತುಂಬ್ರಿ. ಚೀಲ ಮೂರನೇ ಒಂದು ಭಾಗ ತುಂಬಿದ್ರ ಸಾಕು, ಹೆಚ್ಚಾದ್ರ ಎತ್ತಾಕ ಬರೂದಿಲ್ಲ. ಈ ರಾಡಿ ಬಚ್ಚಲದಾಗ ಸುರೀಬ್ಯಾಡ್ರಿ, ಪೈಪಿನಾಗ ಗಟ್ಟಿಯಾಗ್ತೈತಿ.

ಶಾಂತಲಾ_ನ್ಯೂಜೆರ್ಸಿ:
ಪೇಂಟ್ ಆಗಿರೋ ರೂಮಿಗೆ ಏನು ಮಾಡೋದು? ವಿನಿಗರ್ ಬೆರೆಸಿ ಹೊಡೀರಿ, ಬಟ್ಟೆ ಮೆದು ಮಾಡೋ ದ್ರಾವಣ ಹೊಡೀರಿ ಅಂತೆಲ್ಲ ಹೇಳ್ತಾರೆ.

ಧಾರವಾಡ_ಡ್ರೈವಾಲ್:
ಅದರಿಂದ ಉಪಯೋಗಿಲ್ಲ ಮೇಡಂ. ಪೇಂಟಿನ ಪದರು ನೀರನ್ನ ಒಳಗ ಬಿಡೂದಿಲ್ಲ, ನೀರಾಗ ಏನ ಬೆರಸಿದ್ರೂ ಅದ ಕತಿ. ಆಸ್ಬೆಸ್ಟಾಸ್ ಇಲ್ಲಂತ ಖಾತ್ರಿ ಇದ್ದಾಗ ಅಷ್ಟ, ಮ್ಯಾಲಿನ ತುದಿಗೋಳನ್ನ ಒಣಗಿದ್ದಾಗನ ಚಾಕುಲಿಂದ ಮುರದು ಪದರು ಒಡದು, ಆಮ್ಯಾಲ ನೀರು ಹೊಡದು ಅರ್ಧ ತಾಸು ಬಿಡಬೇಕು. ಒಂದೇ ಕೋಟ್ ಪೇಂಟ್ ಇದ್ರ ಬರ್ತೈತಿ. ಎರಡು-ಮೂರು ಕೋಟ್ ಬಿದ್ದಿತ್ತಂದ್ರ ಕೆರಿಯೂ ಆಸೆ ಬಿಟ್ಟು ಬೋರ್ಡ್ ಹೊಡೀರಿ. ಜಗಳಾಡಿ ತಗದ್ರ ಕೆಳಗಿನ ಕಾಗದನೂ ಹರದ ಬರ್ತೈತಿ.

ಹಳೇಮನೆ_ಸ್ಯಾನ್‌ಹೊಸೆ:
ಲ್ಯಾಬ್ ವರದಿ ಬಂತು. ಮೂರು ರೂಮಿನಲ್ಲೂ ಪತ್ತೆಯಿಲ್ಲ. ಹಾಲ್‌ನ ಮೂರೂ ಮಾದರಿಗಳಲ್ಲಿ 3% ಕ್ರೈಸೊಟೈಲ್ (ಆಸ್ಬೆಸ್ಟಾಸಿನ ಒಂದು ಬಗೆ). ಹಾಲ್ ಸುಮಾರು 400 ಚದರ ಅಡಿ, ಪೇಂಟ್ ಆಗಿಲ್ಲ. ಅಲ್ಲಿ ಆರು ರಿಸೆಸ್ಡ್ ಲೈಟ್ (ಸೀಲಿಂಗಿನೊಳಗೆ ಹುದುಗೋ ಲೈಟು) ಹಾಕಿಸೋ ಯೋಚನೆ ಇತ್ತು.

ಗಾರೆ_ಗೋಡೆ:
ಬೇರೆ ಬೇರೆ ಕಳಿಸಿದ್ದು ಒಳ್ಳೇದಾಯಿತು. ಹಾಲ್‌ಗೆ ಮೂರು ದಾರಿ.

ಒಂದು, ಮುಟ್ಟದೆ ಬಿಡೋದು. ಉದುರದೆ, ನೀರು ಸೋರದೆ ಗಟ್ಟಿಯಾಗಿದ್ದರೆ ಇದೂ ಸರಿಯಾದ ಆಯ್ಕೆಯೇ. ನಿಮ್ಮದು ಕೈ ಸೋಕಿದ್ರೆ ಉದುರುತ್ತೆ ಅಂದಿದ್ದೀರಿ, ಹಾಗಾಗಿ ಇಲ್ಲಿ ಹೊಂದಲ್ಲ. ಮೇಲೆ ಪೇಂಟ್ ಹೊಡೆದು ಬಂಧಿಸೋಣ ಅಂತ ರೋಲರ್ ತಗೋಬೇಡಿ. ಪೇಂಟಿನ ನೀರಿಗೇ ಟೆಕ್ಸ್ಚರ್ ಮೆತ್ತಗಾಗಿ ರೋಲರ್‌ಗೆ ಅಂಟಿಕೊಂಡು ಕಿತ್ತು ಬರುತ್ತೆ. ಏರ್‌ಲೆಸ್ ಸ್ಪ್ರೇಯಿಂದ ಮಾತ್ರ ಹೊಡೀಬಹುದು.

ಎರಡು, ತೆಗೆಸೋದು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಆಸ್ಬೆಸ್ಟಾಸ್ ತೆಗೆಯೋ ಲೈಸೆನ್ಸ್ (ಸಿ-22 ಥರದ್ದು) ಇರೋ ಗುತ್ತಿಗೆದಾರರೇ ಆಗಬೇಕು, 100 ಚದರ ಅಡಿ ದಾಟಿದ ಕೆಲಸಕ್ಕೆ ಕ್ಯಾಲ್-ಓಶಾ (ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ) ನೋಂದಣಿಯೂ ಬೇಕು. ಅವರು ಹಾಲ್ ಪೂರ್ತಿ ಪ್ಲಾಸ್ಟಿಕ್ ಕಟ್ಟಿ, ಗಾಳಿ ಹೊರಗೆಳೆಯುವ, ಅತಿ ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರಿನ ಯಂತ್ರ ಇಟ್ಟು, ಒದ್ದೆ ಮಾಡಿ ತೆಗೀತಾರೆ. ಮುಗಿದ ಮೇಲೆ ಗಾಳಿ ಪರೀಕ್ಷೆ ಮಾಡುವವರು ಆ ಗುತ್ತಿಗೆದಾರರ ಕಡೆಯವರಾಗಬಾರದು, ನೀವೇ ಬೇರೆಯವರನ್ನು ಗೊತ್ತುಮಾಡಿ. ಆ ಫಲಿತಾಂಶ ಬರೋವರೆಗೆ ಪ್ಲಾಸ್ಟಿಕ್ ಬಿಚ್ಚಿಸಬೇಡಿ, ಕೊನೇ ಕಂತಿನ ಹಣ ಕೊಡಬೇಡಿ.

ಮೂರು, ಡ್ರೈವಾಲ್‌ನಿಂದ ಮುಚ್ಚೋದು. ಸ್ಕ್ರೂ ಹೋಗುವ ಪ್ರತಿ ಜಾಗದಲ್ಲೂ ಟೆಕ್ಸ್ಚರ್ ಕದಡುತ್ತೆ, ಬೋರ್ಡ್ ಒತ್ತಿದಾಗ ಅಂಚಿನಲ್ಲಿ ಉದುರುತ್ತೆ. ಹಾಗಾಗಿ ಮುಚ್ಚುವ ಕೆಲಸಕ್ಕೂ ಅದೇ ತರಬೇತಿ ಇದ್ದವರೇ ಬೇಕು. ಮನೆ ಮಾರುವಾಗ ಕೊಡುವ ಘೋಷಣಾ ಪತ್ರದಲ್ಲಿ ಆಸ್ಬೆಸ್ಟಾಸ್ ಇರೋದನ್ನು ತಿಳಿಸಲೇಬೇಕು.

ಆರು ಲೈಟ್ ಬೇಕು ಅಂದ್ರೆ ನನ್ನ ಮತ ತೆಗೆಸೋದಕ್ಕೇ. ಮುಚ್ಚಿದ ಮೇಲೆ ಆರು ದೊಡ್ಡ ತೂತು ಕೊಯ್ಯೋದು ಅಂದ್ರೆ ಮುಚ್ಚಿದ್ದಕ್ಕೆ ಅರ್ಥ ಉಳಿಯಲ್ಲ.

ಬೋರ್ಡ್_ಭಟ್ಟರು:
ಲೈಟಿನ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಲೈಟಿಲ್ಲದ ಕಡೆ ಮುಚ್ಚುವುದನ್ನು ಎರಡನೇ ದರ್ಜೆಯ ಕೆಲಸ ಎಂದು ನೋಡಬಾರದು. ಹಳೆಯ ಸೀಲಿಂಗಿನ ಬಿರುಕು, ಅಲೆ, ಹರಿದ ಟೇಪು ಎಲ್ಲ ಒಂದೇ ಏಟಿಗೆ ಮರೆಯಾಗುತ್ತವೆ. ನಿಮ್ಮ ಪೇಂಟ್ ಆದ ರೂಮಿಗೆ ಇದೇ ಸರಿ.

ಮುಚ್ಚುವ ಮುಂಚೆ ಎರಡು ವಿಷಯ ಖಚಿತಪಡಿಸಿಕೊಳ್ಳಿ. ಒಂದನೆಯದು, 60-70ರ ದಶಕದ ಕೆಲವು ಮನೆಗಳಲ್ಲಿ ಸೀಲಿಂಗಿನೊಳಗೇ ವಿದ್ಯುತ್ ತಾಪನದ ಕೇಬಲ್ ಹೂತಿರುತ್ತದೆ. ರೂಮಿಗೊಂದು ಥರ್ಮೋಸ್ಟಾಟ್ ಇದ್ದು, ಗಾಳಿ ಬರುವ ಜಾಳಿಗೆಯೋ ಗೋಡೆಯ ಬುಡದ ಹೀಟರೋ ಕಾಣದಿದ್ದರೆ ಅನುಮಾನಿಸಿ. ಅಂಥ ಸೀಲಿಂಗಿಗೆ ಸ್ಕ್ರೂ ಹೊಡೆಯುವಂತಿಲ್ಲ. ಎರಡನೆಯದು, ಅಟ್ಟ ಹತ್ತಿ ನೋಡಿ. ಬೂದು-ಕಂದು ಬಣ್ಣದ, ಹೊಳೆಯುವ ಸಣ್ಣ ಹರಳಿನಂಥ ವರ್ಮಿಕ್ಯುಲೈಟ್ ಸುರಿದಿದ್ದರೆ ಸೀಲಿಂಗಿಗೆ ತೂತು ಹಾಕಬೇಡಿ. ಅದರಲ್ಲಿ ಬಹುಪಾಲು ಬಂದದ್ದು ಮೊಂಟಾನಾದ ಲಿಬ್ಬಿ ಗಣಿಯಿಂದ, 1990ರಲ್ಲಿ ಮುಚ್ಚುವವರೆಗೂ ಅಲ್ಲಿನ ಅದಿರಿನಲ್ಲಿ ಆಸ್ಬೆಸ್ಟಾಸ್ ಬೆರೆತಿತ್ತು.

ಬೋರ್ಡು: ಅರ್ಧ ಇಂಚಿನ, ಜೋತುಬೀಳದ ಹಗುರ ಸೀಲಿಂಗ್ ಬೋರ್ಡ್. 4×8 ಅಡಿಯದು ಸುಮಾರು 40 ಪೌಂಡು ತೂಗುತ್ತದೆ. ಕಾಲು ಇಂಚಿನದು ಹಗುರ, ಅಗ್ಗ ಎಂದು ಅಂಗಡಿಯವರು ತೋರಿಸುತ್ತಾರೆ. ಅದು ಕೆಳಗಿನ ಉಬ್ಬುತಗ್ಗಿಗೆ ಬಾಗಿ ಅಲೆಯನ್ನೇ ತೋರಿಸುತ್ತದೆ.

ಸ್ಕ್ರೂ ಉದ್ದದಲ್ಲಿ ತಪ್ಪುವವರೇ ಹೆಚ್ಚು. ಲೆಕ್ಕ ಹಾಕಿ: ಹೊಸ ಬೋರ್ಡ್ 1/2, ಹಳೆಯದು 1/2, ಟೆಕ್ಸ್ಚರ್ 1/8, ಮರದೊಳಗೆ ಕನಿಷ್ಠ 5/8. ಒಟ್ಟು 1-3/4 ಇಂಚು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 1-5/8 ಇಂಚಿನ ಸ್ಕ್ರೂ ಇಲ್ಲಿ ಸಾಲದು, 2 ಇಂಚಿನದು ತನ್ನಿ. ಹಳೆಯ ಬೋರ್ಡ್ 5/8 ಇದ್ದರೂ ಅದು ಸಾಕಾಗುತ್ತದೆ.

ಮೊದಲು ಎಲ್ಲ ಜಾಯಿಸ್ಟ್ ತೊಲೆಗಳನ್ನು ಹುಡುಕಿ, ಗೋಡೆಯಿಂದ ಗೋಡೆಗೆ ಸುಣ್ಣದ ದಾರದಿಂದ ಗೆರೆ ಹೊಡೆಯಿರಿ. ಗೋಡೆಯ ಮೇಲೂ ಗುರುತಿಡಿ, ಬೋರ್ಡ್ ಏರಿದ ಮೇಲೆ ಸೀಲಿಂಗಿನ ಗೆರೆ ಕಾಣುವುದಿಲ್ಲ. ಬೋರ್ಡಿನ ಉದ್ದ ತೊಲೆಗಳಿಗೆ ಅಡ್ಡವಾಗಿರಲಿ. ಸ್ಕ್ರೂಗಳ ನಡುವೆ 12 ಇಂಚು. ತಲೆ ಕಾಗದವನ್ನು ಸೀಳದೆ ಸ್ವಲ್ಪ ಒಳಗೆ ಕೂರಬೇಕು. ಸೀಳಿದರೆ ಹಿಡಿತ ಹೋದಂತೆ, ಪಕ್ಕದಲ್ಲಿ ಇನ್ನೊಂದು ಹೊಡೆಯಿರಿ.

12×12 ಅಡಿಯ ರೂಮಿಗೆ 12 ಅಡಿ ಉದ್ದದ ಬೋರ್ಡ್ ಮೂರು ಸಾಕು. ಎರಡೇ ಜೋಡಣೆ, ಎರಡೂ ತೆಳು ಅಂಚಿನವು, ಟೇಪ್ ಹಾಕಿದರೆ ಉಬ್ಬು ಕಾಣುವುದಿಲ್ಲ. 8 ಅಡಿಯದು ತಂದರೆ ಐದು ಬೇಕು, ತುದಿಗೆ ತುದಿ ಕೂಡುವ ಮೂರು ಜೋಡಣೆ ಹೆಚ್ಚುತ್ತವೆ, ಸೀಲಿಂಗಿನಲ್ಲಿ ಎದ್ದು ಕಾಣುವುದು ಅವೇ. 12 ಅಡಿಯದು ಮೆಟ್ಟಿಲ ತಿರುವಿನಲ್ಲಿ ಹೋಗುತ್ತದೆಯೇ ಎಂದು ಖರೀದಿಗೆ ಮುಂಚೆ ಅಳೆಯಿರಿ. ಡ್ರೈವಾಲ್ ಲಿಫ್ಟ್ ಬಾಡಿಗೆಗೆ ತನ್ನಿ, ತಲೆಯ ಮೇಲೆ ಹೊತ್ತು ಹಿಡಿಯುವ ಕೆಲಸ ಬೇಡ.

ಬೋರ್ಡ್ ಬಂದ ಮೇಲೆ ಲೈಟಿನ ಬಾಕ್ಸು ಅರ್ಧ ಇಂಚಿಗಿಂತ ಹೆಚ್ಚು ಒಳಗೆ ಹೋಗಿರುತ್ತದೆ. ವಿದ್ಯುತ್ ನಿಯಮದ ಪ್ರಕಾರ ಡ್ರೈವಾಲ್ ಮುಖದಿಂದ ಕಾಲು ಇಂಚಿಗಿಂತ ಹಿಂದೆ ಇರುವಂತಿಲ್ಲ. ಬಾಕ್ಸ್ ಎಕ್ಸ್‌ಟೆಂಡರ್ ಹಾಕಿ.

ಲೀಡ್ಸ್_ಕನ್ನಡಿಗ:
ಇಂಗ್ಲೆಂಡಿನ ಮನೆಯವರಿಗೆ ಒಂದು ಮಾತು. ಇಲ್ಲಿ ಇದರ ಅಣ್ಣತಮ್ಮ ಆರ್ಟೆಕ್ಸ್, ಬೀಸಣಿಗೆ ಆಕಾರದಲ್ಲೋ ಸುಳಿಸುಳಿಯಾಗೋ ಬಳಿದದ್ದು. ಆಸ್ಬೆಸ್ಟಾಸ್ ಪೂರ್ತಿ ನಿಷೇಧ ಆದದ್ದು 1999ರಲ್ಲಿ, ಹಾಗಾಗಿ 2000ಕ್ಕೆ ಮುಂಚಿನದ್ದು ಯಾವುದಾದರೂ ಯುಕೆಎಎಸ್ ಮಾನ್ಯತೆಯ ಲ್ಯಾಬ್‌ಗೆ ಕಳಿಸಿ. ಇಲ್ಲಿ ರೂಢಿ ಕೆರೆಯೋದಲ್ಲ. ಇದ್ದದ್ದರ ಮೇಲೆ 9.5 ಮಿಮೀ ಪ್ಲಾಸ್ಟರ್‌ಬೋರ್ಡ್ ಹೊಡೆದು ಮಲ್ಟಿ-ಫಿನಿಶ್ ಜಿಪ್ಸಮ್ ಪ್ಲಾಸ್ಟರ್ ಎರಡು ಕೈ, ಒಟ್ಟು 2-3 ಮಿಮೀ. ಆಸ್ಬೆಸ್ಟಾಸ್ ಇಲ್ಲದಿದ್ದರೆ ಚೂಪುತುದಿ ಮುರಿದು, ಮರಳು ಬೆರೆತ ಬಾಂಡಿಂಗ್ ಪ್ರೈಮರ್ ಹಚ್ಚಿ, ನೇರ ಪ್ಲಾಸ್ಟರ್ ಮಾಡಬಹುದು. ಪ್ರೈಮರ್ ಬಿಟ್ಟರೆ ಹಳೇ ಪೇಂಟಿನ ಮೇಲೆ ಪ್ಲಾಸ್ಟರ್ ಹಿಡಿಯದೆ ಹಾಳೆಹಾಳೆಯಾಗಿ ಕಳಚುತ್ತೆ.

ಟೊರಾಂಟೊ_ಕಾಂಡೊ:
ಕಾಂಡೊದಲ್ಲಿ ಟೆಕ್ಸ್ಚರ್ ನೇರ ಕಾಂಕ್ರೀಟ್ ಮೇಲೇ ಇರತ್ತಲ್ಲ, ಅದಕ್ಕೂ ಇದೇ ವಿಧಾನಾನಾ?

ಬೋರ್ಡ್_ಭಟ್ಟರು:
ಕೆರೆಯುವುದು ಇನ್ನೂ ಸುಲಭ, ಹರಿಯಲು ಕಾಗದವೇ ಇಲ್ಲ. ತೊಂದರೆ ಬರುವುದು ಆಮೇಲೆ. ಸೆಂಟ್ರಿಂಗ್ ಹಲಗೆಗಳು ಕೂಡಿದ ಕಡೆ ಕಾಂಕ್ರೀಟಿನಲ್ಲಿ ಏಣು ಇರುತ್ತದೆ, ಅದನ್ನು ಸವೆಸಬೇಕು ಇಲ್ಲವೇ ಎರಡು ಬದಿಗೂ ಎರಡು-ಮೂರು ಅಡಿ ಅಗಲಕ್ಕೆ ಇಳಿಜಾರಾಗಿ ತುಂಬಿಸಬೇಕು. ಸ್ಲ್ಯಾಬಿಗೆ ಡ್ರಿಲ್ ಮಾಡಬೇಡಿ, ಒಳಗೆ ವೈರಿನ ಪೈಪು ಇರುತ್ತದೆ, ಕೆಲವೆಡೆ ಬಿಗಿದ ಉಕ್ಕಿನ ಕೇಬಲ್ಲೂ ಇರುತ್ತದೆ. ಕಾಂಡೊ ಮಂಡಳಿಯ ಒಪ್ಪಿಗೆ ಲಿಖಿತವಾಗಿ ತೆಗೆದುಕೊಳ್ಳಿ.

ನುಣುಪು_ಕೆಲಸ:
ಇಲ್ಲಿವರೆಗೆ ತೆಗೆಯೋದರ ಬಗ್ಗೆ ಆಯ್ತು, ಈಗ ಅರ್ಧಕ್ಕಿಂತ ಹೆಚ್ಚಿನ ದುಡಿಮೆ ಎಲ್ಲಿದೆ ಹೇಳ್ತೀನಿ. ಪಾಪ್‌ಕಾರ್ನ್ ಹೊಡೆದ ಮನೆಗಳಲ್ಲಿ ಕೆಳಗಿನ ಜಾಯಿಂಟ್ ಕೆಲಸ ಅರೆಬರೆ ಮಾಡಿ ಬಿಟ್ಟಿರ್ತಾರೆ, ಹೇಗೂ ಮುಚ್ಚಿಹೋಗುತ್ತೆ ಅಂತ. ಕೆರೆದ ಮೇಲೆ ಟೇಪಿನ ಗೆರೆ, ಸ್ಕ್ರೂ ತಲೆ, ಅಂಟಿನ ಕಲೆ ಎಲ್ಲ ಎದುರಿಗೆ ಬರುತ್ತೆ. ಅದರ ಮೇಲೆ ನೇರ ಪೇಂಟ್ ಹೊಡೆದ್ರೆ ಟೆಕ್ಸ್ಚರೇ ವಾಸಿ ಅನ್ನಿಸುತ್ತೆ. ಪೂರ್ತಿ ಮೇಲ್ಮೈಗೆ ಸ್ಕಿಮ್ ಕೋಟ್ (ತೆಳು ಲೇಪ) ಬೇಕು, ಡ್ರೈವಾಲ್ ಲೆಕ್ಕದಲ್ಲಿ ಲೆವೆಲ್ 5, ಅಂದ್ರೆ ಅತಿ ನುಣುಪಿನ ದರ್ಜೆ.

ಒಂದೆರಡು ದಿನ ಚೆನ್ನಾಗಿ ಒಣಗಲು ಬಿಡಿ. ಹರಿದ ಕಾಗದದ ಅಂಚನ್ನು ಬ್ಲೇಡಲ್ಲಿ ಕೊಯ್ದು, ಕಂದು ಪದರ ಕಂಡ ಕಡೆಯೆಲ್ಲ ಗಾರ್ಡ್ಜ್ ಥರದ ಸೀಲರ್ ಹಚ್ಚಿ. ಹಚ್ಚದೆ ಜಾಯಿಂಟ್ ಕಾಂಪೌಂಡ್ (ಸಂದಿ ತುಂಬೋ ಲೇಪ) ಬಳಿದ್ರೆ ಕಂದು ಕಾಗದ ನೀರು ಕುಡಿದು ಗುಳ್ಳೆಯಾಗಿ ಏಳುತ್ತೆ, ಒಣಗಿದ ಮೇಲೂ ಇಳಿಯಲ್ಲ. ಸಡಿಲ ಟೇಪ್ ಪೂರ್ತಿ ಕಿತ್ತು ಹೊಸದು ಹಾಕಿ. ಆಳದ ಗಾಯಗಳಿಗೆ ನೀರು ಬೆರೆಸಿದ ಕೂಡಲೇ ಗಟ್ಟಿಯಾಗಲು ಶುರುವಾಗೋ 45 ನಿಮಿಷದ ಪುಡಿ ಕಾಂಪೌಂಡ್. ಇದು ಕುಗ್ಗೋದು ಕಡಿಮೆ, ಆದರೆ ಉಜ್ಜೋಕೆ ಗಟ್ಟಿ, ಕೊನೇ ಪದರಕ್ಕೆ ಬೇಡ.

ಸ್ಕಿಮ್‌ಗೆ ಬಕೆಟ್‌ನಲ್ಲಿ ಬರೋ ಸಿದ್ಧ ಜಾಯಿಂಟ್ ಕಾಂಪೌಂಡ್. 4.5 ಗ್ಯಾಲನ್ ಬಕೆಟ್‌ಗೆ ಒಂದು ಲೀಟರ್ ನೀರಿಂದ ಶುರುಮಾಡಿ ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. ಡ್ರಿಲ್ ನಿಧಾನಕ್ಕೆ ತಿರುಗಲಿ, ಜೋರಾದ್ರೆ ಗಾಳಿ ಸೇರಿ ಆಮೇಲೆ ಸೂಜಿತೂತು ಬೀಳುತ್ತೆ. 12×12 ರೂಮಿಗೆ ಎರಡು ತೆಳು ಕೋಟ್‌ಗೆ ಒಂದು ಬಕೆಟ್ ಸಾಕಾಗುತ್ತೆ.

ಅರ್ಧ ಇಂಚು ಉದ್ದದ ಎಳೆಗಳಿರೋ ರೋಲರ್‌ನಿಂದ ನಾಲ್ಕಡಿ ಚೌಕ ಬಳಿದು, ಹಿಂದೆಯೇ 24 ಇಂಚಿನ ಸ್ಕಿಮ್ಮಿಂಗ್ ಬ್ಲೇಡಿಂದ ಎಳೀರಿ. ಬ್ಲೇಡ್ ಗೆರೆಗಳು ಉಳಿದ್ರೆ ಆಗಲೇ ತಿದ್ದಲು ಹೋಗಬೇಡಿ. ಅರೆ ಒಣಗಿದ್ದನ್ನು ಮತ್ತೆ ಎಳೆದ್ರೆ ಚೂರುಚೂರಾಗಿ ಕಿತ್ತು ಬರುತ್ತೆ. ಮರುದಿನ ಒಣಗಿದ ಮೇಲೆ ಚಾಕು ಅಡ್ಡ ಹಿಡಿದು ಏಣುಗಳನ್ನು ಬಡಿದು ತೆಗೀರಿ, ಉಜ್ಜೋದು ಬೇಡ. ಎರಡನೇ ಕೋಟ್ ಮೊದಲಿನದ್ದಕ್ಕೆ ಅಡ್ಡ ದಿಕ್ಕಿಗೆ. ಉಜ್ಜೋದು ಕೊನೆಯಲ್ಲಿ ಒಂದೇ ಸಲ, 150ರ ಕಾಗದದಿಂದ, ಬೇಕಾದ ಕಡೆ 220. ಎಲ್‌ಇಡಿ ಲೈಟನ್ನು ಸೀಲಿಂಗ್‌ಗೆ ಒರಗಿಸಿದಂತೆ ಅಡ್ಡಡ್ಡ ಬಿಟ್ಟರೆ ತಗ್ಗಿನ ನೆರಳು ಕಾಣುತ್ತೆ, ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಈ ಪುಡಿ ತುಂಬ ಸಣ್ಣದು, ಎನ್95 ಇಲ್ಲದೆ ಉಜ್ಜಬೇಡಿ.

ಹಳೇಮನೆ_ಸ್ಯಾನ್‌ಹೊಸೆ:
ಎಲ್ಲರಿಗೂ ತುಂಬಾ ಧನ್ಯವಾದ. ಹಾಲ್ ತೆಗೆಸ್ತೀನಿ, ಪೇಂಟ್ ಆದ ರೂಮಿಗೆ ಬೋರ್ಡ್, ಉಳಿದ ಎರಡು ರೂಮು ನಾವೇ ಕೆರೀತೀವಿ. ಹಾಲ್‌ನ ಸ್ಕಿಮ್ ಮಾತ್ರ ಕೆಲಸದವರಿಗೆ ಕೊಡೋಣ ಅಂತ. ಅವರ ಹತ್ರ ಏನು ಕೇಳಬೇಕು? ಪೇಂಟ್ ಬಗ್ಗೆಯೂ ಹೇಳಿ.

ನುಣುಪು_ಕೆಲಸ:
ಹಾಲ್ ಗಾಳಿ ಪರೀಕ್ಷೆಯ ಕಾಗದ ಕೈಗೆ ಬಂದ ಮೇಲೇ ಸ್ಕಿಮ್‌ನವರನ್ನು ಒಳಗೆ ಬಿಡಿ. ಲೈಟಿನ ವೈರಿಂಗ್, ತೂತು ಕೊಯ್ಯೋದು ಸ್ಕಿಮ್‌ಗೆ ಮುಂಚೆಯೇ ಮುಗೀಲಿ. ಇನ್ನೊಂದು: 1977ಕ್ಕೆ ಹಿಂದಿನ ಮನೆಗಳಲ್ಲಿ ಟೆಕ್ಸ್ಚರ್ ಕೆಳಗಿನ ಜಾಯಿಂಟ್ ಕಾಂಪೌಂಡಲ್ಲೂ ಆಸ್ಬೆಸ್ಟಾಸ್ ಇರಬಹುದು. ನಿಮ್ಮ ಮೂರೂ ರೂಮಿನ ಜಾಯಿಂಟಿಂದ ಒಂದೊಂದು ಮಾದರಿ ಬೇರೆ ಕಳಿಸಿ ನೋಡಿ, ಅದಕ್ಕೆ ಮುಂಚೆ ಹಳೇ ಟೇಪ್ ಕೀಳೋದು, ಉಜ್ಜೋದು ಬೇಡ.

ಕೊಟೇಶನ್‌ನಲ್ಲಿ ಸ್ಕಿಮ್ ಎಷ್ಟು ಕೋಟ್, ಉಜ್ಜೋದು, ಪ್ರೈಮರ್, ಪೇಂಟ್ ಪ್ರತಿಯೊಂದೂ ಬೇರೆ ಸಾಲಲ್ಲಿ ಇರಲಿ. ಬರೀ "ಸ್ಮೂತ್ ಫಿನಿಶ್" ಅಂತಿದ್ರೆ ಒಪ್ಪಬೇಡಿ, ಲೆವೆಲ್ 5 ಅಂತ ಬರೆಸಿ. ಪ್ರೈಮರ್ ಆದ ಮೇಲೆ ಅಡ್ಡ ಬೆಳಕಲ್ಲಿ ಇಬ್ಬರೂ ನಿಂತು ನೋಡಿ ತಿದ್ದುಪಡಿ ಮಾಡೋದು ಅದೇ ದರದಲ್ಲಿ ಸೇರಿರಬೇಕು. ತಪ್ಪುಗಳು ನಿಜವಾಗಿ ಕಾಣೋದು ಪ್ರೈಮರ್ ಒಂದೇ ಬಣ್ಣ ಕೊಟ್ಟ ಮೇಲೆಯೇ.

ಪೇಂಟು ಫ್ಲ್ಯಾಟ್ ಮಾತ್ರ, ಹೊಳಪಿನದ್ದು ಸಣ್ಣ ತಗ್ಗನ್ನೂ ತೋರಿಸುತ್ತೆ. ಎರಡು ಕೋಟ್. ಕೊನೇ ಕೋಟಲ್ಲಿ ದೊಡ್ಡ ಕಿಟಕಿಯಿಂದ ಬೆಳಕು ಬರೋ ದಿಕ್ಕಿಗೇ ರೋಲರ್ ಎಳೀರಿ, ಅಂಚು ಒಣಗೋಕೆ ಮುಂಚೆ ಪಕ್ಕದ ಪಟ್ಟಿ ಸೇರಿಸಿ. ಫ್ಯಾನ್ ವಾಪಸ್ ಏರಿಸೋವಾಗ ಬಾಕ್ಸಿನ ಮೇಲೆ ಫ್ಯಾನ್ ಭಾರಕ್ಕೆ ತಕ್ಕದ್ದು ಅನ್ನೋ ಅಚ್ಚು ಇದ್ಯಾ ನೋಡ್ಕೊಳ್ಳಿ. 70ರ ದಶಕದ ಬಾಕ್ಸುಗಳು ಬರೀ ಲೈಟಿಗಂತ ಹಾಕಿದವು, ಇಲ್ಲದಿದ್ದರೆ ಬದಲಾಯಿಸಿ.